ಆಜ್ಞೆ ಮತ್ತು ವಾರ್ತೆ

ನಾಲೆಯ ತೂಬನ್ನು ಎತ್ತಿರೆಂದು ಹೇಳಿಕಳುಹಿಸಿದ ಮಾತ್ರಕ್ಕೆ ನೀರು ಕೊನೆಯ ಗದ್ದೆಯನ್ನು ಮುಟ್ಟಿತೆಂದು ಯಾವ ರೈತನೂ ನಂಬುವುದಿಲ್ಲ. ತೂಬಿನವನು ‘ಆಗಲಿ’ ಎಂದು ತಲೆಯಾಡಿಸಿದ್ದು ಒಂದು ಮಾತು. ನೀರು ಹರಿದು ಬಂದದ್ದು ಇನ್ನೊಂದು ಮಾತು. ಇವೆರಡರ ನಡುವೆ ನಾಲೆಯ ಉದ್ದವಿದೆ. ದಾರಿಯಲ್ಲಿ ಹೂಳು ತುಂಬಿರಬಹುದು. ಮೇಲಿನ ಗದ್ದೆಯವನು ಅಡ್ಡಕಟ್ಟೆ ಹಾಕಿಕೊಂಡಿರಬಹುದು. ಗಣಕಯಂತ್ರಗಳನ್ನು ನಡೆಸುವ ತಂತ್ರಾಂಶದಲ್ಲಿಯೂ ಇದೇ ಭೇದ ಉಂಟು. ಆಜ್ಞೆಯನ್ನು ಕೊಡುವುದು ಸುಲಭ; ಅದು ನೆರವೇರಿತೆಂದು ತಿಳಿಯುವುದು ಕಷ್ಟ. ಈ ಕಷ್ಟವನ್ನು ಹಗುರವಾಗಿ ಎಣಿಸಿದ್ದರಿಂದ ಹುಟ್ಟಿದ ಒಂದು ದೋಷವೂ, ಅದನ್ನು 2020 ಮತ್ತು 2021ರಲ್ಲಿ ಸರಿಪಡಿಸಿದ ಬಗೆಯೂ ತಿಳಿದುಕೊಳ್ಳಲು ಯೋಗ್ಯವಾದ ಸಂಗತಿಗಳು.

ಈ ದೋಷ ಕಾಣಿಸಿಕೊಂಡದ್ದು ‘ವರ್ಚುವಲ್ ಮೆಷಿನ್’ ಎಂಬ ಯಂತ್ರಗಳನ್ನು ಆಳುವ ತಂತ್ರಾಂಶದಲ್ಲಿ. ಕನ್ನಡದಲ್ಲಿ ಅದನ್ನು ಕಲ್ಪಿತ ಯಂತ್ರ ಎನ್ನಬಹುದು. ಒಂದು ದೊಡ್ಡ ಗಣಕಯಂತ್ರದ ಶಕ್ತಿಯನ್ನು ಪಾಲು ಮಾಡಿ, ಪ್ರತಿಯೊಂದು ಪಾಲೂ ತಾನೇ ಒಂದು ಪೂರ್ಣ ಯಂತ್ರವೆಂಬಂತೆ ವರ್ತಿಸುವ ಹಾಗೆ ಮಾಡುವ ಉಪಾಯ ಇದು. ಒಂದೇ ಆವರಣದೊಳಗೆ ಹತ್ತು ಸಂಸಾರಗಳು ಬೇರೆ ಬೇರೆ ಒಲೆ ಹೂಡಿಕೊಂಡು ಬಾಳುವ ವಠಾರವನ್ನು ಇದಕ್ಕೆ ಹೋಲಿಸಬಹುದು. ಆದರೆ ವಠಾರದಲ್ಲಿ ಪಕ್ಕದ ಮನೆಯ ಒಗ್ಗರಣೆಯ ವಾಸನೆಯೂ ಜಗಳದ ಮಾತೂ ಗೋಡೆಯನ್ನು ದಾಟಿ ಬರುತ್ತವೆ. ಕಲ್ಪಿತ ಯಂತ್ರಕ್ಕೆ ನೆರೆಯ ಯಂತ್ರವೊಂದು ಇದೆ ಎಂಬುದೇ ತಿಳಿಯದು. ಅದಕ್ಕೆ ತನ್ನದೇ ಆದ ಸ್ಮರಣೆ, ತನ್ನದೇ ಆದ ಡಿಸ್ಕ್, ತನ್ನದೇ ಆದ ಕಾರ್ಯಾಚರಣ ವ್ಯವಸ್ಥೆ. ನಿಜವಾದ ಯಂತ್ರವನ್ನು ‘ಆತಿಥೇಯ’ ಎಂದೂ ಅದರೊಳಗಿನ ಕಲ್ಪಿತ ಯಂತ್ರವನ್ನು ‘ಅತಿಥಿ’ ಎಂದೂ ಕರೆಯುವುದು ಈ ವಿದ್ಯೆಯ ವಾಡಿಕೆ. ಅತಿಥಿ ಎಂಬ ಹೆಸರು ಬಹಳ ಉಚಿತವಾಗಿದೆ; ಏಕೆಂದರೆ ಮುಂದೆ ಕಾಣುವಂತೆ, ಅತಿಥಿಯ ಕೈಯಲ್ಲಿರುವ ವಸ್ತುವನ್ನು ಆತಿಥೇಯನು ಕಸಿದುಕೊಳ್ಳುವ ಹಾಗಿಲ್ಲ; ಕೇಳಿ ಪಡೆಯಬೇಕು.

ಈ ಕಲ್ಪನೆ ಹೊಸದೇನೂ ಅಲ್ಲ. ಐಬಿಎಂ ಸಂಸ್ಥೆಯವರು 1960ರ ದಶಕದಲ್ಲಿಯೇ ಇದನ್ನು ಪ್ರಯೋಗಿಸಿ, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದ್ದರು. ಆದರೆ ಆಗ ಅದು ಬಹು ದೊಡ್ಡ ಯಂತ್ರಗಳ ಸೊತ್ತು. ಸಾಮಾನ್ಯ ಯಂತ್ರಗಳಿಗೂ, ಯಾರು ಬೇಕಾದರೂ ತೆರೆದು ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶದ ರೂಪದಲ್ಲಿ ಅದು ದೊರೆತದ್ದು ಇತ್ತೀಚಿನ ಮಾತು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ ಎಂಬವರು 2003ರಲ್ಲಿ ಕ್ಯೂಎಮು ಎಂಬ ತಂತ್ರಾಂಶವನ್ನು ಪ್ರಕಟಿಸಿದರು. ಒಂದು ಯಂತ್ರದ ಅಂಗಾಂಗಗಳನ್ನೆಲ್ಲ ಲೆಕ್ಕದಲ್ಲಿಯೇ ಅನುಕರಿಸಿ ತೋರುವ ತಂತ್ರಾಂಶ ಅದು. 2007ರಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಿನೊಳಗೆ ಕೆವಿಎಂ ಎಂಬ ಭಾಗ ಸೇರಿ, ಈ ಅನುಕರಣೆಗೆ ನಿಜವಾದ ಯಂತ್ರದ ವೇಗವನ್ನು ತಂದಿತು. ಇವುಗಳನ್ನು ಹದವರಿತು ನಡೆಸಲು ಒಬ್ಬ ಮೇಸ್ತ್ರಿ ಬೇಕಾಯಿತು. 2005ರಲ್ಲಿ ಆರಂಭವಾಗಿದ್ದ ಲಿಬ್‌ವರ್ಟ್ ಆ ಕೆಲಸಕ್ಕೆ ಒದಗಿತು. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ಆಳಬೇಕಾದ ಕಡೆ ಮೇಸ್ತ್ರಿಗಳ ಮೇಲೂ ಒಬ್ಬ ಅಧಿಕಾರಿ ಬೇಕು. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ರ್‍ಯಾಕ್‌ಸ್ಪೇಸ್ ಎಂಬ ಕಂಪನಿ ಸೇರಿ 2010ರಲ್ಲಿ ಆರಂಭಿಸಿದ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶದಲ್ಲಿ ‘ನೋವಾ’ ಎಂಬ ಭಾಗ ಆ ಅಧಿಕಾರಿಯ ಸ್ಥಾನದಲ್ಲಿದೆ. ಜಿನೀವಾದ ಬಳಿ ಪರಮಾಣುವಿನ ಒಳಗುಟ್ಟನ್ನು ಶೋಧಿಸುವ ಸರ್ನ್ ಸಂಸ್ಥೆಯೂ ತನ್ನ ಗಣಕಗಳನ್ನು ಓಪನ್‌ಸ್ಟ್ಯಾಕ್‌ನಿಂದ ನಡೆಸುತ್ತದೆ.

ಆದುದರಿಂದ ಒಂದು ಆಜ್ಞೆ ಹೊರಟರೆ ಅದು ನಾಲ್ಕು ಮೆಟ್ಟಿಲು ಇಳಿಯಬೇಕು. ನೋವಾ ಲಿಬ್‌ವರ್ಟ್‌ಗೆ ಹೇಳುತ್ತದೆ. ಲಿಬ್‌ವರ್ಟ್ ಕ್ಯೂಎಮುವಿಗೆ ಹೇಳುತ್ತದೆ. ಕ್ಯೂಎಮು ಒಳಗಿರುವ ಅತಿಥಿಗೆ ಸನ್ನೆ ಮಾಡುತ್ತದೆ. ಅತಿಥಿಯ ಕಾರ್ಯಾಚರಣ ವ್ಯವಸ್ಥೆ ತನ್ನ ಬಿಡುವು ನೋಡಿಕೊಂಡು ಕೆಲಸ ಮಾಡುತ್ತದೆ. ನೆರವೇರಿದ ವಾರ್ತೆಯು ಇದೇ ಮೆಟ್ಟಿಲುಗಳನ್ನು ಹತ್ತಿ ಮೇಲೆ ಬರಬೇಕು. ಇಳಿಯುವ ಆಜ್ಞೆಯ ವಿಷಯದಲ್ಲಿ ತಂತ್ರಾಂಶವನ್ನು ಬರೆದವರು ಮೊದಲಿನಿಂದಲೂ ಎಚ್ಚರವಹಿಸಿದ್ದರು. ಹತ್ತಿ ಬರುವ ವಾರ್ತೆಯ ಕಡೆಗೆ ಅಷ್ಟು ಗಮನ ಸಲ್ಲಲಿಲ್ಲ. ಮನುಷ್ಯರ ಕಚೇರಿಗಳಲ್ಲಿಯೂ ನಡೆಯುವುದು ಹೀಗೆಯೇ. ಮೇಲಿನಿಂದ ಬರುವ ಸುತ್ತೋಲೆಗಿರುವ ವೇಗ ಕೆಳಗಿನಿಂದ ಹೋಗುವ ವರದಿಗೆ ಇರುವುದಿಲ್ಲ.

ನಡೆಯುತ್ತಿರುವ ಕಲ್ಪಿತ ಯಂತ್ರದಿಂದ ಒಂದು ಡಿಸ್ಕನ್ನು ಬೇರ್ಪಡಿಸುವ ಕಾರ್ಯವನ್ನೇ ನೋಡಬಹುದು. ಬಳಕೆದಾರನೊಬ್ಬನು ಒಂದು ಕಲ್ಪಿತ ಯಂತ್ರಕ್ಕೆ ಡಿಸ್ಕ್ ಜೋಡಿಸಿಕೊಂಡು ಲೆಕ್ಕಪತ್ರಗಳನ್ನು ಅದರಲ್ಲಿ ಬರೆಯಿಸಿದ್ದಾನೆ. ಈಗ ಆ ಡಿಸ್ಕನ್ನು ಅಲ್ಲಿಂದ ಕಳಚಿ ಬೇರೆ ಯಂತ್ರಕ್ಕೆ ಜೋಡಿಸಬೇಕೆಂದು ಕೋರುತ್ತಾನೆ. ಅತಿಥಿಯ ಕಾರ್ಯಾಚರಣ ವ್ಯವಸ್ಥೆಯು ಬರೆಯಬೇಕಾದುದನ್ನೆಲ್ಲ ಆ ಕ್ಷಣಕ್ಕೇ ಡಿಸ್ಕಿಗೆ ಇಳಿಸಿರುವುದಿಲ್ಲ. ಕೆಲವನ್ನು ಸ್ಮರಣೆಯಲ್ಲಿ ಇಟ್ಟುಕೊಂಡು ನಿಧಾನವಾಗಿ ಬರೆಯುತ್ತಿರುತ್ತದೆ. ಆದುದರಿಂದ ‘ಈ ಡಿಸ್ಕನ್ನು ಬಿಟ್ಟುಕೊಡು’ ಎಂಬ ಸನ್ನೆ ಬಂದಾಗ ಅದು ಬಾಕಿ ಬರಹವನ್ನು ಮುಗಿಸಿ, ಡಿಸ್ಕಿನೊಡನೆ ಇದ್ದ ವ್ಯವಹಾರವನ್ನು ತೀರಿಸಿ, ‘ಬಿಟ್ಟೆ’ ಎನ್ನಬೇಕು. ಆಗ ಮಾತ್ರ ಕ್ಯೂಎಮು ಡಿಸ್ಕನ್ನು ನಿಜವಾಗಿ ಕಳಚುತ್ತದೆ. ಅತಿಥಿಯು ಆಗತಾನೆ ಎದ್ದು ತನ್ನ ಅಂಗಗಳನ್ನು ಪರಿಚಯ ಮಾಡಿಕೊಳ್ಳುತ್ತಿದ್ದರೆ ಆ ಸನ್ನೆಯನ್ನು ಗಮನಿಸದೆಯೂ ಇರಬಹುದು. ಅಥವಾ ಕೆಲಸದ ಹೊರೆಯಲ್ಲಿ ಮುಳುಗಿ ಬಹಳ ತಡವಾಗಿ ಓಗೊಡಬಹುದು.

ಡಿಸ್ಕು ಕಳಚಿತೆಂದು ತಪ್ಪಾಗಿ ತಿಳಿದು ಅದನ್ನು ಇನ್ನೊಂದು ಯಂತ್ರದ ಕೈಗೆ ಕೊಟ್ಟರೆ ಏನಾದೀತು? ಎರಡು ಯಂತ್ರಗಳು ಒಂದೇ ಡಿಸ್ಕಿನ ಮೇಲೆ, ಒಂದನ್ನೊಂದು ಅರಿಯದೆ ಬರೆಯತೊಡಗುತ್ತವೆ. ಒಂದೇ ಕಡತದ ಪುಟದಲ್ಲಿ ಇಬ್ಬರು ಗುಮಾಸ್ತರು ಕತ್ತಲಲ್ಲಿ ಕುಳಿತು ಒಬ್ಬರ ಸಾಲಿನ ಮೇಲೆ ಮತ್ತೊಬ್ಬರು ಬರೆದಂತೆ. ಹಾಗೆ ಕೆಟ್ಟ ಮಾಹಿತಿಯನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಆಗದ ಮಾತು. ಕಳಚಿದ್ದರೂ ಕಳಚಿಲ್ಲವೆಂದು ತಿಳಿದರೆ ಹಾನಿ ಕಡಿಮೆ. ಆದರೆ ಡಿಸ್ಕು ಇಲ್ಲಿಯೂ ಸಲ್ಲದೆ ಅಲ್ಲಿಯೂ ಸಲ್ಲದೆ ತ್ರಿಶಂಕುವಿನಂತೆ ನಿಲ್ಲುತ್ತದೆ.

ಒಂದು ಕಾರ್ಯ ಮುಗಿಯಿತೆ ಎಂದು ತಿಳಿಯಲು ಎರಡು ದಾರಿಗಳುಂಟು. ಹಾಲನ್ನು ಕಾಯಿಸಲು ಇಟ್ಟವರು ಪಾತ್ರೆಯನ್ನು ಮತ್ತೆ ಮತ್ತೆ ಇಣುಕಿ ನೋಡುತ್ತಿರಬೇಕು. ಕುಕ್ಕರಿನಲ್ಲಿ ಬೇಳೆ ಇಟ್ಟವರು ಬೇರೆ ಕೆಲಸಕ್ಕೆ ಹೋಗಬಹುದು. ಆದಾಗ ಅದೇ ಕೂಗಿ ತಿಳಿಸುತ್ತದೆ. ತಂತ್ರಾಂಶದಲ್ಲಿ ಮೊದಲನೆಯದು ಇಣುಕುವ ಕ್ರಮ, ಎರಡನೆಯದು ಘಟನೆಯ ಕ್ರಮ. ಒಂದು ಸ್ಥಿತಿ ಬದಲಾದ ಕೂಡಲೇ ಅದನ್ನು ನಡೆಸಿದವರೇ ಹೊರಡಿಸುವ ವಾರ್ತೆಗೆ ‘ಘಟನೆ’ ಅಥವಾ ‘ಈವೆಂಟ್’ ಎಂದು ಹೆಸರು. ಘಟನೆಯನ್ನು ಕೇಳಿ, ಅದಕ್ಕೆ ತಕ್ಕುದನ್ನು ಮಾಡುವುದು ಘಟನಾ ನಿರ್ವಹಣೆ.

ಡಿಸ್ಕನ್ನು ಕಳಚುವ ವಿಷಯದಲ್ಲಿ ಬಹುದಿನ ಕುಕ್ಕರಿಗೆ ಕೂಗೇ ಇರಲಿಲ್ಲ. ಕ್ಯೂಎಮುವಿಗೆ ‘ಕಳಚು’ ಎಂದರೆ ಅದು ‘ಸರಿ’ ಎನ್ನುತ್ತಿತ್ತು. ಆ ‘ಸರಿ’ಗೆ ‘ಕೋರಿಕೆಯನ್ನು ಅತಿಥಿಗೆ ಮುಟ್ಟಿಸಿದೆ’ ಎಂದಷ್ಟೇ ಅರ್ಥ. ಲಿಬ್‌ವರ್ಟ್ ಅದನ್ನು ‘ಕಳಚಿದೆ’ ಎಂದು ಅರ್ಥಮಾಡಿಕೊಂಡು ತನ್ನ ಪಟ್ಟಿಯಿಂದ ಡಿಸ್ಕಿನ ಹೆಸರನ್ನು ಹೊಡೆದುಹಾಕುತ್ತಿತ್ತು. ತೂಬಿನವನ ತಲೆಯಾಟವನ್ನೇ ಗದ್ದೆಗೆ ನೀರು ಬಂತೆಂದು ಬರೆದುಕೊಂಡಂತಾಯಿತು. 2013ರಲ್ಲಿ ಹೊರಬಂದ ಕ್ಯೂಎಮು 1.5ರಲ್ಲಿ ‘ಡಿವೈಸ್ ಡಿಲೀಟೆಡ್’ ಎಂಬ ಘಟನೆಯನ್ನು ಸೇರಿಸಲಾಯಿತು. ಅತಿಥಿಯು ನಿಜವಾಗಿ ಬಿಟ್ಟುಕೊಟ್ಟ ಮೇಲೆಯೇ ಈ ವಾರ್ತೆ ಹೊರಡುತ್ತದೆ. ಅದೇ ವರ್ಷ ಲಿಬ್‌ವರ್ಟ್ ಕೂಡ ಅದನ್ನು ಕೇಳಿ, ತನ್ನ ಮೇಲಿನವರಿಗೆ ಸಾರುವ ಏರ್ಪಾಡನ್ನು ಮಾಡಿಕೊಂಡಿತು. ಕಳಚುವುದು ಸಾಧ್ಯವಾಗಲಿಲ್ಲವೆಂದು ತಿಳಿಸುವ ಮತ್ತೊಂದು ಘಟನೆ 2016ರಲ್ಲಿ ಲಿಬ್‌ವರ್ಟ್‌ಗೆ ಸೇರಿತು. ಹೀಗೆ ಒಳ್ಳೆಯ ಸುದ್ದಿಗೂ ಕೆಟ್ಟ ಸುದ್ದಿಗೂ ದಾರಿ ತೆರೆಯಿತು. ಕೆಟ್ಟ ಸುದ್ದಿಯ ದಾರಿಯನ್ನು ಮೂರು ವರ್ಷ ತಡವಾಗಿ ತೆರೆದರೆಂಬುದು ಗಮನಿಸತಕ್ಕ ವಿಷಯ.

ಇಷ್ಟಾದರೂ ಮೇಲಿದ್ದ ನೋವಾ ಹಳೆಯ ಇಣುಕುವ ಕ್ರಮವನ್ನೇ ಉಳಿಸಿಕೊಂಡಿತ್ತು. ‘ಕಳಚು’ ಎಂದು ಹೇಳುವುದು. ಸ್ವಲ್ಪ ಹೊತ್ತು ಕಾಯುವುದು. ಲಿಬ್‌ವರ್ಟ್‌ನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇನ್ನೂ ಇದೆಯೆ ಎಂದು ನೋಡುವುದು. ಇದ್ದರೆ ಮತ್ತೆ ‘ಕಳಚು’ ಎನ್ನುವುದು. ಕಾಯುವ ಕಾಲವನ್ನು ಪ್ರತಿಸಲವೂ ತುಸು ಹೆಚ್ಚಿಸುವುದು. ಈ ಕ್ರಮ ವರ್ಷಗಟ್ಟಲೆ ನಡೆದುಬಂದಿತು. ಅತಿಥಿಯು ಮೊದಲ ಸನ್ನೆಯನ್ನು ಗಮನಿಸದಿದ್ದರೆ ಎರಡನೆಯದನ್ನೋ ಮೂರನೆಯದನ್ನೋ ಗಮನಿಸುತ್ತಿತ್ತು. ಆದುದರಿಂದ ಮತ್ತೆ ಮತ್ತೆ ಹೇಳುವುದು ಜಾಣತನವೆಂದೇ ತೋರುತ್ತಿತ್ತು.

2020ರಲ್ಲಿ ಈ ಜಾಣತನದ ಬಣ್ಣ ಬಯಲಾಯಿತು. ಓಪನ್‌ಸ್ಟ್ಯಾಕ್‌ನಲ್ಲಿ ಯಾರೇ ತಿದ್ದುಪಡಿಯನ್ನು ಸೂಚಿಸಲಿ, ಅದನ್ನು ಸೇರಿಸಿಕೊಳ್ಳುವ ಮೊದಲು ಯಂತ್ರಗಳೇ ಅದನ್ನು ನೂರಾರು ಪರೀಕ್ಷೆಗಳಿಗೆ ಒಡ್ಡುತ್ತವೆ. ಆ ಪರೀಕ್ಷೆಗಳ ನೆಲೆಯನ್ನು ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಹೊಸ ಆವೃತ್ತಿ 20.04ಕ್ಕೆ ಬದಲಾಯಿಸಲು ಹೊರಟಾಗ, ಡಿಸ್ಕನ್ನು ಕಳಚುವ ಪರೀಕ್ಷೆಗಳು ಸೋಲತೊಡಗಿದವು. ನೋವಾದ ಆ ಭಾಗದಲ್ಲಿ ಯಾರೂ ಕೈಯಾಡಿಸಿರಲಿಲ್ಲ. ಹೊಸ ಉಬುಂಟುವಿನೊಡನೆ ಬಂದಿದ್ದ ಕ್ಯೂಎಮು 4.2 ಮಾತ್ರ ಹೊಸದಾಗಿತ್ತು. ಜೂನ್ ತಿಂಗಳಲ್ಲಿ ಈ ಸೋಲು ದೋಷವೆಂದು ದಾಖಲಾಯಿತು.

ಇಂತಹ ದೋಷವನ್ನು ಹಿಡಿಯುವುದು ಸುಲಭವಲ್ಲ. ಗುಣಾಕಾರದಲ್ಲಿ ತಪ್ಪಿದ್ದರೆ ಅದು ಪ್ರತಿಸಲವೂ ತಪ್ಪು ಉತ್ತರವನ್ನೇ ಕೊಡುತ್ತದೆ. ಕಾಲಕ್ಕೆ ಸಂಬಂಧಿಸಿದ ದೋಷ ಹಾಗಲ್ಲ. ಯಂತ್ರಕ್ಕೆ ಬಿಡುವಿದ್ದರೆ ಎಲ್ಲವೂ ಸರಿಯಾಗಿರುತ್ತದೆ. ಹೊರೆ ಹೆಚ್ಚಿದರೆ ಕೆಡುತ್ತದೆ. ನೋಡಲು ಹೋದಾಗ ಮಾಯವಾಗಿ, ಬೆನ್ನು ತಿರುಗಿಸಿದಾಗ ಕಾಣಿಸಿಕೊಳ್ಳುತ್ತದೆ. ಅದನ್ನು ಹಿಡಿಯಲು ಇರುವ ಸಾಧನವೆಂದರೆ ದಿನಚರಿ. ಪ್ರತಿಯೊಂದು ತಂತ್ರಾಂಶವೂ ತಾನು ಮಾಡಿದ್ದನ್ನೂ ಕೇಳಿದ್ದನ್ನೂ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ಕಾಲವನ್ನು ನಮೂದಿಸಿ ಬರೆದಿಡುತ್ತದೆ. ನೋವಾದ ದಿನಚರಿಯನ್ನೂ ಲಿಬ್‌ವರ್ಟ್‌ನ ದಿನಚರಿಯನ್ನೂ ಪಕ್ಕಪಕ್ಕದಲ್ಲಿರಿಸಿ ಸಾಲುಸಾಲಾಗಿ ಓದಿದಾಗ ವಿಷಯ ಹೊಳೆಯಿತು. ಮೂರೂ ತಂತ್ರಾಂಶಗಳು ಮುಕ್ತವಾಗಿದ್ದುದರಿಂದಲೇ ಇದು ಸಾಧ್ಯವಾಯಿತು. ಒಂದು ತಂತ್ರಾಂಶದವರು ‘ದೋಷ ನಮ್ಮದಲ್ಲ, ಕೆಳಗಿನವರದು’ ಎಂದು ಹೇಳಿ ಬಾಗಿಲು ಮುಚ್ಚಿಕೊಳ್ಳುವಂತಿರಲಿಲ್ಲ. ಬಾಗಿಲು ಎಲ್ಲರಿಗೂ ತೆರೆದೇ ಇತ್ತು. ಅದೇ ವರ್ಷ ಕ್ಯೂಎಮುವಿನ ದೋಷಪಟ್ಟಿಯಲ್ಲಿಯೂ ಈ ವಿಷಯ ದಾಖಲಾಯಿತು.

ಹೊಳೆದದ್ದು ಇದು: ಮೊದಲ ಕೋರಿಕೆಯನ್ನು ಅತಿಥಿಯು ಕೇಳಿತ್ತು, ಡಿಸ್ಕನ್ನು ಬಿಡುವ ಸಿದ್ಧತೆಯಲ್ಲಿಯೂ ಇತ್ತು. ಅಷ್ಟರಲ್ಲಿ ನೋವಾ ತಾಳ್ಮೆಗೆಟ್ಟು ಎರಡನೆಯ ಕೋರಿಕೆಯನ್ನು ಕಳುಹಿಸುತ್ತಿತ್ತು. ಒಂದರ ಮೇಲೊಂದು ಬಿದ್ದ ಕೋರಿಕೆಗಳು ಒಂದನ್ನೊಂದು ರದ್ದುಗೊಳಿಸುತ್ತಿದ್ದವು. ಬರಬೇಕಾಗಿದ್ದ ವಾರ್ತೆ ಬಾರದೆ ಹೋಗುತ್ತಿತ್ತು. ಬೀಜ ಬಿತ್ತಿ, ಮೊಳೆಯಿತೇ ಎಂದು ದಿನವೂ ಕೆದಕಿ ನೋಡಿದವನ ಹೊಲದ ಗತಿ ಡಿಸ್ಕಿಗೆ ಒದಗಿತು.

ಎರಡನೆಯ ಕೋರಿಕೆ ಮೊದಲನೆಯದನ್ನು ಅಳಿಸುವುದು ವಿಚಿತ್ರವಾಗಿ ಕಾಣಬಹುದು. ಆದರೆ ಇದಕ್ಕೆ ನಿಜವಾದ ಯಂತ್ರಗಳಲ್ಲಿ ಒಂದು ಪೂರ್ವವೃತ್ತಾಂತವಿದೆ. ಗಣಕಯಂತ್ರದೊಳಗೆ ಉಪಕರಣಗಳನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ವ್ಯವಸ್ಥೆಯಲ್ಲಿ, ಚಾಲನೆಯಲ್ಲಿರುವಾಗಲೇ ಉಪಕರಣವನ್ನು ತೆಗೆಯಬೇಕಾದರೆ ಒಂದು ಗುಂಡಿಯನ್ನು ಒತ್ತಬೇಕು. ಒತ್ತಿದ ಮೇಲೆ 5 ಸೆಕೆಂಡುಗಳ ಗಡುವು. ಆ ಗಡುವಿನೊಳಗೆ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿದರೆ ‘ಬೇಡ, ಮನಸ್ಸು ಬದಲಾಯಿತು’ ಎಂದರ್ಥ. ಮನುಷ್ಯನ ಬೆರಳಿಗೆ ಇದು ಬಹಳ ಅನುಕೂಲವಾದ ನಿಯಮ. ಕ್ಯೂಎಮು ನಿಜವಾದ ಯಂತ್ರದ ಅನುಕರಣೆಯಾದ್ದರಿಂದ ಈ ಗುಂಡಿಯನ್ನೂ ಅನುಕರಿಸುತ್ತದೆ. ಒತ್ತುವುದು ಮನುಷ್ಯನಲ್ಲ, ಅವಸರದ ತಂತ್ರಾಂಶ ಎಂದಾದಾಗ, ಒತ್ತಾಯಕ್ಕಾಗಿ ಮಾಡಿದ ಎರಡನೆಯ ಒತ್ತು ನಿರಾಕರಣೆಯಾಗಿ ಪರಿಣಮಿಸುತ್ತದೆ. ಈ ಅಪಾಯವನ್ನು ಕಂಡ ಕ್ಯೂಎಮುವಿನವರು 2020ರ 5.0 ಆವೃತ್ತಿಯಲ್ಲಿ, ಒಂದು ಕೋರಿಕೆ ಬಾಕಿಯಿರುವಾಗ ಎರಡನೆಯದನ್ನು ನಿಷೇಧಿಸಿಯೇಬಿಟ್ಟರು. ಆದರೆ ನಿಷೇಧವೂ ಪೂರ್ಣ ಪರಿಹಾರವಾಗಲಿಲ್ಲ. ಅತಿಥಿಯು ಮೊದಲ ಕೋರಿಕೆಯನ್ನು ಕೇಳಿಸಿಕೊಳ್ಳದೆಯೇ ಇದ್ದ ಪಕ್ಷದಲ್ಲಿ ಮತ್ತೆ ಕೇಳುವ ಬಾಗಿಲೂ ಮುಚ್ಚಿದಂತಾಯಿತು. ಗಡುವು ಕಳೆದ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಗುಂಡಿಯನ್ನು ಪುನಃ ಒತ್ತಲು ಅವಕಾಶವಿರಬೇಕೆಂದು 2021ರಲ್ಲಿ ಆ ನಿಷೇಧವನ್ನು ಸಡಿಲಿಸಿದರು.

ನೋವಾದವರು ಮಾಡಿದ ಮೊದಲ ಚಿಕಿತ್ಸೆ ಮೇಲುಮೇಲಿನದು: ಒಂದು ಕೋರಿಕೆಗೂ ಮುಂದಿನದಕ್ಕೂ ನಡುವಿನ ಅಂತರವನ್ನು ಹೆಚ್ಚಿಸಿದರು. ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದಂತೆ ಅದರಿಂದ ಕೊಂಚ ಶಮನ ದೊರೆಯಿತು. ಆದರೆ ಎಷ್ಟು ಕಾಯಬೇಕು ಎಂಬುದಕ್ಕೆ ಸರಿಯಾದ ಉತ್ತರವೇ ಇಲ್ಲ. ಹೆಚ್ಚು ಕಾದರೆ ವೇಗದ ಯಂತ್ರದಲ್ಲಿ ಕಾಲ ವ್ಯರ್ಥ. ಕಡಿಮೆ ಕಾದರೆ ನಿಧಾನದ ಯಂತ್ರದಲ್ಲಿ ಅದೇ ದೋಷ. ಊಹೆಯ ಮೇಲೆ ನಿಂತ ಕ್ರಮವನ್ನು ಊಹೆಯನ್ನು ಬದಲಿಸುವುದರಿಂದ ಸರಿಪಡಿಸಲಾಗದು.

ನಿಜವಾದ ಪರಿಹಾರ 2021ರಲ್ಲಿ ಬಂದಿತು. ಕುರುಡಾಗಿ ಮತ್ತೆ ಮತ್ತೆ ಕೇಳುವುದನ್ನು ಬಿಟ್ಟು, ಲಿಬ್‌ವರ್ಟ್ ಸಾರುವ ಘಟನೆಗೆ ಕಾಯುವಂತೆ ನೋವಾವನ್ನು ತಿದ್ದಲಾಯಿತು. ಹೇಳಲು ಒಂದೇ ವಾಕ್ಯ. ಮಾಡಲು ಹಲವು ಸೂಕ್ಷ್ಮಗಳು.

ಮೊದಲನೆಯದಾಗಿ, ಎರಡು ಬೇರೆ ಬೇರೆ ಕಾರ್ಯಗಳು ಒಂದೇ ಆಜ್ಞೆಯಲ್ಲಿ ಬೆರೆತುಹೋಗಿದ್ದವು. ಪ್ರತಿಯೊಂದು ಕಲ್ಪಿತ ಯಂತ್ರಕ್ಕೂ ಎರಡು ವಿವರಣೆಗಳಿರುತ್ತವೆ. ಒಂದು, ಮುಂದಿನ ಸಲ ಎದ್ದಾಗ ಯಂತ್ರವು ಹೇಗಿರಬೇಕೆಂದು ಬರೆದಿಟ್ಟ ಶಾಶ್ವತ ದಾಖಲೆ. ಇನ್ನೊಂದು, ಈಗ ನಡೆಯುತ್ತಿರುವ ಯಂತ್ರದ ಜೀವಂತ ಸ್ಥಿತಿ. ಪಹಣಿಯಲ್ಲಿ ಹೆಸರನ್ನು ತೆಗೆಯುವುದು ಒಂದು. ಹೊಲದ ಸ್ವಾಧೀನವನ್ನು ಬಿಡಿಸುವುದು ಇನ್ನೊಂದು. ದಾಖಲೆಯಿಂದ ತೆಗೆಯುವುದಕ್ಕೆ ಅತಿಥಿಯ ಒಪ್ಪಿಗೆ ಬೇಡ; ಅದು ಕೂಡಲೇ ಮುಗಿಯುತ್ತದೆ. ಜೀವಂತ ಯಂತ್ರದಿಂದ ಕಳಚುವುದಕ್ಕೆ ಮಾತ್ರ ಕಾಯಬೇಕು. ಎರಡನ್ನೂ ಒಟ್ಟಿಗೆ ಕೋರಿದಾಗ ಸೋಲು ಬಂದರೆ, ಯಾವುದು ಸೋತಿತೆಂದು ತಿಳಿಯುತ್ತಿರಲಿಲ್ಲ. ಆದುದರಿಂದ ಇವನ್ನು ಬೇರ್ಪಡಿಸಲಾಯಿತು. ದಾಖಲೆಯ ಕೆಲಸದಲ್ಲಿ ಮರುಪ್ರಯತ್ನವನ್ನು ಪೂರ್ತಿಯಾಗಿ ಕೈಬಿಡಲಾಯಿತು.

ಎರಡನೆಯ ಸೂಕ್ಷ್ಮ ಎಲ್ಲಕ್ಕಿಂತ ಮುಖ್ಯವಾದುದು. ವಾರ್ತೆಗೆ ಕಾಯುವವನು ಯಾವಾಗ ಕಾಯಲು ಆರಂಭಿಸಬೇಕು? ಆಜ್ಞೆಯನ್ನು ಕೊಟ್ಟ ಮೇಲೆ ಎಂಬ ಉತ್ತರ ಸಹಜವಾಗಿ ಬಾಯಿಗೆ ಬರುತ್ತದೆ. ಅದು ತಪ್ಪು. ಅತಿಥಿಯು ಚುರುಕಾಗಿದ್ದರೆ, ಆಜ್ಞೆ ಕೊಟ್ಟವನು ಕಿವಿಯನ್ನು ಆ ಕಡೆ ತಿರುಗಿಸುವಷ್ಟರಲ್ಲಿ ಕೆಲಸ ಮುಗಿದು, ವಾರ್ತೆಯೂ ಹಾದುಹೋಗಿರುತ್ತದೆ. ಹೊರಟುಹೋದ ಬಸ್ಸಿಗೆ ನಿಲ್ದಾಣದಲ್ಲಿ ಕಾದು ಕುಳಿತಂತೆ, ಬಾರದ ವಾರ್ತೆಗೆ ಗಡುವು ತೀರುವವರೆಗೆ ಕಾಯುವುದೇ ಅದರ ಫಲ. ಆದುದರಿಂದ ನೋವಾ ಮೊದಲು ‘ಇಂತಹ ಯಂತ್ರದ ಇಂತಹ ಡಿಸ್ಕಿನ ವಾರ್ತೆಗೆ ಕಾಯುವವನು ಇದ್ದಾನೆ’ ಎಂದು ಹೆಸರು ನೋಂದಾಯಿಸುತ್ತದೆ. ಆ ಬಳಿಕವೇ ಆಜ್ಞೆಯನ್ನು ಕಳುಹಿಸುತ್ತದೆ. ಮಾತನಾಡುವುದಕ್ಕೆ ಮೊದಲು ಕಿವಿಯನ್ನು ತೆರೆದಿಡುವ ಈ ಕ್ರಮ, ಘಟನೆಗಳನ್ನು ನಿರ್ವಹಿಸುವ ಎಲ್ಲ ತಂತ್ರಾಂಶಕ್ಕೂ ಅಗತ್ಯ.

ಬರುವ ವಾರ್ತೆಯಲ್ಲಿ ಯಂತ್ರದ ಗುರುತಿನ ಸಂಖ್ಯೆಯೂ ಉಪಕರಣದ ಹೆಸರೂ ಇರುತ್ತವೆ. ಒಂದೇ ಹೊತ್ತಿಗೆ ಹತ್ತಾರು ಯಂತ್ರಗಳಲ್ಲಿ ಕಳಚುವ ಕೆಲಸ ನಡೆಯುತ್ತಿರಬಹುದಾದ್ದರಿಂದ, ವಾರ್ತೆಯನ್ನು ಸರಿಯಾದ ವಿಳಾಸಕ್ಕೆ ತಲಪಿಸಬೇಕು. ಒಂದೇ ವಾರ್ತೆಗೆ ಇಬ್ಬರು ಕಾಯುತ್ತಿದ್ದರೆ ಇಬ್ಬರಿಗೂ ತಲಪಿಸಬೇಕು. ಮೊದಲು ಬಂದವನು ಕೊಂಡೊಯ್ದು ಎರಡನೆಯವನು ಬರಿಗೈಯಲ್ಲಿ ಉಳಿಯಬಾರದು. ಕಾಯುತ್ತಿರುವಾಗಲೇ ಆ ಯಂತ್ರವನ್ನೇ ಅಳಿಸಿಹಾಕಿದರೆ, ಅದಕ್ಕಾಗಿ ಕಾಯುತ್ತಿದ್ದವರನ್ನು ಬಿಡುಗಡೆ ಮಾಡಬೇಕು. ಇವೆಲ್ಲ ಸಣ್ಣ ವಿಷಯಗಳೆಂದು ತೋರಬಹುದು. ಆದರೆ ಘಟನಾ ನಿರ್ವಹಣೆಯ ದೋಷಗಳು ವಾಸಮಾಡುವುದು ಇಂತಹ ಸಣ್ಣ ಸಂದುಗಳಲ್ಲಿಯೇ.

ಇನ್ನು ವಾರ್ತೆ ಬಂದ ಬಳಿಕದ ವಿಚಾರ. ‘ಕಳಚಿತು’ ಎಂಬ ವಾರ್ತೆ ಬಂದರೆ ನೋವಾ ಜೀವಂತ ಸ್ಥಿತಿಯನ್ನು ಇನ್ನೊಮ್ಮೆ ನೋಡಿ ಡಿಸ್ಕು ನಿಜವಾಗಿ ಹೋಗಿದೆಯೆಂದು ಖಚಿತಪಡಿಸಿಕೊಳ್ಳುತ್ತದೆ. ‘ಆಗದು’ ಎಂಬ ವಾರ್ತೆ ಬಂದರೆ ಮತ್ತೆ ಕೇಳುವುದಿಲ್ಲ. ಬಳಕೆದಾರನಿಗೆ ಹಾಗೆಂದೇ ತಿಳಿಸುತ್ತದೆ. ಯಾವ ವಾರ್ತೆಯೂ ಬಾರದೆ ಗಡುವು ತೀರಿದರೆ ಮಾತ್ರ ಮರಳಿ ಕೇಳುತ್ತದೆ. ಗಡುವು ವಾಡಿಕೆಯಂತೆ 20 ಸೆಕೆಂಡು, ಪ್ರಯತ್ನಗಳು 8. ಯಂತ್ರಗಳನ್ನು ನಡೆಸುವವರು ತಮ್ಮ ಅನುಕೂಲಕ್ಕೆ ತಕ್ಕಂತೆ ಇವನ್ನು ಬದಲಾಯಿಸಿಕೊಳ್ಳಬಹುದು. ಮೌನವನ್ನೂ ನಿರಾಕರಣೆಯನ್ನೂ ಹೀಗೆ ಬೇರೆಬೇರೆಯಾಗಿ ಕಂಡದ್ದು ಈ ತಿದ್ದುಪಡಿಯ ದೊಡ್ಡ ಗುಣ. ಹಳೆಯ ಕ್ರಮದಲ್ಲಿ ಎರಡೂ ಒಂದೇ ಆಗಿದ್ದವು: ಪಟ್ಟಿಯಲ್ಲಿ ಹೆಸರು ಇನ್ನೂ ಇದೆ, ಅಷ್ಟೆ.

ವಾರ್ತೆಯನ್ನು ಕೇಳುವವನು ಅದನ್ನು ಹೇಗೆ ಕೇಳಬೇಕೆಂಬುದಕ್ಕೂ ಒಂದು ನಿಯಮವುಂಟು. ಟಪಾಲು ಹಂಚುವವನು ಪ್ರತಿ ಮನೆಯಲ್ಲಿಯೂ ಕುಳಿತು ಕಾಗದ ಓದಿ ಹೇಳಿ, ಉತ್ತರವನ್ನೂ ಬರೆದುಕೊಡಲು ತೊಡಗಿದರೆ ಊರಿನ ಉಳಿದವರಿಗೆ ಟಪಾಲು ಮುಟ್ಟುವುದಿಲ್ಲ. ಹಾಗೆಯೇ, ಲಿಬ್‌ವರ್ಟ್‌ನಿಂದ ಘಟನೆಗಳನ್ನು ಬರಮಾಡಿಕೊಳ್ಳುವ ಭಾಗವು ಒಂದು ಘಟನೆಯಲ್ಲಿಯೇ ಮಗ್ನವಾದರೆ ಹಿಂದಿನ ಘಟನೆಗಳೆಲ್ಲ ಸಾಲುಗಟ್ಟಿ ನಿಲ್ಲುತ್ತವೆ. ಅದರಲ್ಲಿಯೂ, ಮುಂದಿನ ಘಟನೆ ಬಂದಲ್ಲದೆ ಮುಗಿಯದ ಕೆಲಸವನ್ನು ಅದು ಕೈಗೆತ್ತಿಕೊಂಡರೆ ತೀರಿತು: ಘಟನೆ ಬಾರದೆ ಕೆಲಸ ಮುಗಿಯದು, ಕೆಲಸ ಮುಗಿಯದೆ ಘಟನೆ ಒಳಗೆ ಬಾರದು. ಇದನ್ನು ತಪ್ಪಿಸಲು ನೋವಾದಲ್ಲಿ ಕೇಳುವುದಕ್ಕಾಗಿಯೇ ಒಂದು ಪ್ರತ್ಯೇಕ ಎಳೆಯನ್ನು ಇರಿಸಲಾಗಿದೆ. ಅದು ಕೇಳಿದ್ದನ್ನು ಸರತಿಯ ಸಾಲಿಗೆ ಹಾಕಿ, ಗಂಟೆ ಬಾರಿಸಿ, ಮತ್ತೆ ಕೇಳಲು ಹೋಗುತ್ತದೆ. ಗಂಟೆಯ ಸದ್ದಿಗೆ ಎಚ್ಚರಗೊಂಡ ಇನ್ನೊಂದು ಎಳೆ ಸಾಲಿನಿಂದ ಒಂದೊಂದನ್ನೇ ತೆಗೆದು ನಿರ್ವಹಿಸುತ್ತದೆ.

ಕೇಳಿದ್ದನ್ನೆಲ್ಲ ಒಡನೆಯೇ ನಂಬಿ ನಡೆಯುವುದೂ ಕೆಲವೊಮ್ಮೆ ಸಲ್ಲದು. ಕಲ್ಪಿತ ಯಂತ್ರವೊಂದನ್ನು ಮರುಚಾಲನೆಗೊಳಿಸುವಾಗ ‘ನಿಂತಿತು’ ಎಂಬ ಘಟನೆಯೂ, ಅದರ ಬೆನ್ನಿಗೇ ‘ಎದ್ದಿತು’ ಎಂಬ ಘಟನೆಯೂ ಬರಬಹುದು. ಮೊದಲನೆಯದನ್ನು ಕೇಳಿದ ಕೂಡಲೇ ‘ಯಂತ್ರ ನಿಂತಿದೆ’ ಎಂದು ಬರೆದುಕೊಂಡು, ಅದಕ್ಕೆ ತಕ್ಕಂತೆ ಯಂತ್ರವನ್ನು ಪೂರ್ತಿ ನಿಲ್ಲಿಸಲು ಹೊರಟರೆ, ಆಗತಾನೆ ಎದ್ದ ಯಂತ್ರವನ್ನು ಬೀಳಿಸಿದಂತಾಗುತ್ತದೆ. ಆದುದರಿಂದ ನೋವಾ ‘ನಿಂತಿತು’ ಎಂಬ ವಾರ್ತೆಯನ್ನು 15 ಸೆಕೆಂಡು ಮಡಿಲಲ್ಲಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ‘ಎದ್ದಿತು’ ಎಂಬ ವಾರ್ತೆ ಬಂದರೆ ಮೊದಲಿನದನ್ನು ಬಿಟ್ಟುಬಿಡುತ್ತದೆ.

ಇಷ್ಟೆಲ್ಲ ಏರ್ಪಾಡು ಇದ್ದರೂ ವಾರ್ತೆಗಳು ಎಲ್ಲ ಕಾಲದಲ್ಲಿಯೂ ತಲಪುತ್ತವೆಂಬ ಭರವಸೆಯಿಲ್ಲ. ಲಿಬ್‌ವರ್ಟ್‌ನೊಡನೆ ಸಂಪರ್ಕ ಕಡಿದುಹೋಗಬಹುದು. ನೋವಾವನ್ನೇ ನಿಲ್ಲಿಸಿ ಮತ್ತೆ ಆರಂಭಿಸಿದ ನಡುವಿನ ಹೊತ್ತಿನಲ್ಲಿ ಏನಾದರೂ ಘಟಿಸಬಹುದು. ಆಗ ಸಾರಿದ ವಾರ್ತೆಯನ್ನು ಕೇಳಲು ಯಾರೂ ಇರುವುದಿಲ್ಲ. ಅದನ್ನು ಎರಡನೆಯ ಸಲ ಯಾರೂ ಸಾರುವುದೂ ಇಲ್ಲ. ಹೀಗಾಗಿ ಹಳೆಯ ಇಣುಕುವ ಕ್ರಮವನ್ನು ನೋವಾ ಪೂರ್ತಿಯಾಗಿ ತೊರೆದಿಲ್ಲ. ವಾಡಿಕೆಯಂತೆ 10 ನಿಮಿಷಕ್ಕೊಮ್ಮೆ ಅದು ತನ್ನ ಪುಸ್ತಕವನ್ನು ಕೈಯಲ್ಲಿ ಹಿಡಿದು, ಪ್ರತಿಯೊಂದು ಕಲ್ಪಿತ ಯಂತ್ರವೂ ನಿಜವಾಗಿ ನಡೆಯುತ್ತಿದೆಯೋ ನಿಂತಿದೆಯೋ ಎಂದು ಲಿಬ್‌ವರ್ಟ್‌ನ ಲೆಕ್ಕದೊಡನೆ ತಾಳೆ ನೋಡುತ್ತದೆ. ವ್ಯತ್ಯಾಸ ಕಂಡರೆ ಪುಸ್ತಕವನ್ನು ತಿದ್ದಿಕೊಳ್ಳುತ್ತದೆ.